ತಳಪರದೆಯ ಮಾತು

ಯಂತ್ರಕ್ಕೆ ವಿದ್ಯುತ್ ಹರಿದ ಕೂಡಲೇ ಅದರ ಕಪ್ಪು ಪರದೆಯ ಮೇಲೆ ಬಿಳಿಯ ಕನ್ನಡ ಸಾಲುಗಳು ಒಂದರ ಕೆಳಗೊಂದು ಮೂಡತೊಡಗಿದವು. ರಕ್ತದ ಪಂಪು ಸಿಕ್ಕಿದೆ. ಶಾಖದ ತಟ್ಟೆ ಸಿಕ್ಕಿದೆ. ಗಾಳಿಗುಳ್ಳೆ ಹಿಡಿಯುವ ಕಣ್ಣು ಸರಿಯಾಗಿದೆ.

ಬೆಟಗೇರಿಯ ಡಯಾಲಿಸಿಸ್ ಕೇಂದ್ರದಲ್ಲಿ ಅದು ಬೆಳಗಿನ ಪಾಳಿ. ಗೋಡೆಗೆ ಒರಗಿ ನಿಂತಿದ್ದ ನೀಲಾಂಬಿಕಾ ಹೊಂಬಳ ಅಕ್ಷರಗಳನ್ನೇ ನೋಡುತ್ತಿದ್ದಳು. ಅರ್ಥ ಅವಳಿಗೆ ಬೇಕಿರಲಿಲ್ಲ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕೂತಿವೆಯೇ, ಕೆಳಗಿನ ಸಾಲು ಅವುಗಳ ಕಾಲು ಕತ್ತರಿಸುತ್ತಿಲ್ಲವೇ ಎಂಬುದಷ್ಟೇ ಅವಳ ಕಾಳಜಿ. ಹತ್ತಾರು ವರ್ಷ ಕಂಪ್ಯೂಟರಿನ ಒಳಗೇ ಬದುಕಿದ ಅವಳ ಕೆಲಸ ಮೊದಲ ಸಲ ಸ್ವಂತ ಊರಿನ ಆಸ್ಪತ್ರೆಯೊಂದನ್ನು ಹೊಕ್ಕ ದಿನ ಅದು.

ಅರ್ಥದ ಕಡೆ ಗಮನ ಕೊಟ್ಟವಳು ಹಾಸಿಗೆಯ ಮೇಲಿದ್ದ ಅಕ್ಕ ಶಾಂಭವಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತಳಾದವಳು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದರೂ ಗಂಟಲು ಮಾತ್ರ ಇನ್ನೂ ಮೈದಾನದ ಆಚೆ ತುದಿಗೆ ಕೇಳಿಸುವಂಥದ್ದು. ಅವಳು ಪ್ರತಿ ಸಾಲನ್ನೂ ಕವಾಯತಿನ ಆಜ್ಞೆಯ ಹಾಗೆ ಗಟ್ಟಿಯಾಗಿ ಓದುತ್ತ ಬಂದವಳು ಒಂದು ಸಾಲಿನಲ್ಲಿ ತಡೆದಳು.

"ನೀರಿನ ಶುದ್ಧಿ ಅಳೆಯುವ ಸಂವೇದಕ ಉತ್ತರ ಕೊಡುತ್ತಿಲ್ಲ. ಹಿಂದಿನ ಅಳತೆಯನ್ನೇ ಬಳಸಲಾಗುತ್ತಿದೆ."

ಅಷ್ಟರಲ್ಲಿ ಕಪ್ಪು ಪರದೆ ಮಾಯವಾಗಿ ತಿಳಿನೀಲಿ ಬಣ್ಣ ಹರಡಿತು. ಯಂತ್ರದ ಜೇನಿನಂಥ ಧ್ವನಿ ಮಾತಾಡಿತು: "ಶುಭೋದಯ ಶಾಂಭವಿಯವರೇ. ಎಲ್ಲವೂ ಸರಿಯಾಗಿದೆ. ಆರಂಭಿಸೋಣವೇ?"

ನರ್ಸ್ ಮೆಹಜಬೀನ್ ನದಾಫ ಸೂಜಿ ಹಿಡಿದು ಬಂದಳು. "ಟೀಚರ್, ತೋಳು ಈ ಕಡೆ ಮಾಡ್ರಿ."

ಶಾಂಭವಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಈಗಷ್ಟ ಉತ್ತರ ಕೊಡವಲ್ದು ಅಂತು. ಈಗ ಎಲ್ಲಾ ಸರಿ ಐತಿ ಅಂತೈತಿ. ಯಾವುದು ಖರೆ?"

"ಅದು ಯಂತ್ರ ತನ್ನಷ್ಟಕ್ಕ ತಾನು ಗೊಣಗೋದು ಟೀಚರ್. ದಿನಾ ಏನರೆ ಒಂದು ಬರತಿರತೈತಿ. ನಾವು ನೋಡಂಗಿಲ್ಲ."

"ದಿನಾ ಇದ ಬರತಿತ್ತೇನು?"

ಮೆಹಜಬೀನ್ ಸೂಜಿ ಕೆಳಗಿಟ್ಟು ಪರದೆಯತ್ತ ತಿರುಗಿದಳು. ನಿನ್ನೆಯವರೆಗೆ ಅಲ್ಲಿ ಬರುತ್ತಿದ್ದುದು ಇಂಗ್ಲಿಷು.

ಈ ಇಪ್ಪತ್ತೊಂದನೆಯ ಶತಮಾನದ ಅರವತ್ತರ ದಶಕದಲ್ಲಿ ಇಂಗ್ಲಿಷ್ ಬಾರದಿರುವುದು ಯಾರಿಗೂ ಕೊರತೆಯಾಗಿರಲಿಲ್ಲ. ಕಿವಿಯೊಳಗಿನ ಗುಂಡಿ ಎದುರಿನವರ ಮಾತನ್ನು ಕೇಳುವವರ ಭಾಷೆಗೆ ತಿರುಗಿಸುತ್ತಿತ್ತು. ಮೆಹಜಬೀನ್ ಶುಶ್ರೂಷೆಯ ಓದನ್ನೆಲ್ಲ ಕನ್ನಡದಲ್ಲೇ ಮುಗಿಸಿ, ಜರ್ಮನಿಯ ವೈದ್ಯರ ಜೊತೆಗೂ ಕನ್ನಡದಲ್ಲೇ ವಾದಿಸುತ್ತಿದ್ದಳು. ಇಂಗ್ಲಿಷ್ ಹಾಗೆಯೇ ಉಳಿದದ್ದು ಯಂತ್ರಗಳ ತಳದಲ್ಲಿ. ಯಂತ್ರದ ಬಿಡಿಭಾಗಗಳನ್ನೆಲ್ಲ ಹಿಡಿದು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಲೋಕದ ಸಾವಿರಾರು ಜನ ಸೇರಿ ಬರೆದ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಕರ್ನಲ್ ಒಂದು ಹೆಚ್ಚಿನ ಯಂತ್ರಗಳಲ್ಲೆಲ್ಲ ಇತ್ತು. ಧ್ವನಿ, ಚಿತ್ರ, ಅನುವಾದ ಇವೆಲ್ಲ ಆಮೇಲೆ ಬರುವ ಮೇಲ್ಪದರಗಳು. ಅವು ಎದ್ದೇಳುವ ಮೊದಲು ಅಥವಾ ಅವೆಲ್ಲ ಬಿದ್ದ ಮೇಲೆ, ಕರ್ನಲ್ ತನ್ನ ಸ್ಥಿತಿಯನ್ನು ಬರೆದು ತೋರಿಸುವ ಕಪ್ಪು ಪರದೆಯೇ ಕನ್ಸೋಲ್. ಅಕ್ಷರಗಳನ್ನು ಅಲ್ಲಿ ಮೂಡಿಸುವ ಪುಟ್ಟ ಭಾಗ ಕನ್ಸೋಲ್ ಡ್ರೈವರ್.

ಬೇಕೆಂದರೆ ಯಾರಾದರೂ ಕೈಪರದೆ ಹಿಡಿದು ಆ ಸಾಲುಗಳನ್ನು ಅನುವಾದಿಸಿಕೊಳ್ಳಬಹುದಿತ್ತು. ಆದರೆ ಇದು ನನಗೆ ಹೇಳುತ್ತಿರುವ ಮಾತಲ್ಲ ಎಂದು ಒಮ್ಮೆ ಅನಿಸಿಬಿಟ್ಟರೆ, ಅದನ್ನು ಅನುವಾದಿಸಿ ನೋಡುವ ಮನಸ್ಸೂ ಬರುವುದಿಲ್ಲ.

ನೀಲಾ ಈ ಡ್ರೈವರಿನ ಬೆನ್ನು ಹತ್ತಿದ್ದು ಯಾವ ದೊಡ್ಡ ಉದ್ದೇಶದಿಂದಲೂ ಅಲ್ಲ. ಹಳೆಯ ಡ್ರೈವರ್ ಪರದೆಯನ್ನು ಲೆಕ್ಕದ ಹಾಳೆಯ ಹಾಗೆ ಸಮನಾದ ಚೌಕಗಳಾಗಿ ಕತ್ತರಿಸುತ್ತಿತ್ತು, ಚೌಕಕ್ಕೊಂದು ಅಕ್ಷರ. ಇಂಗ್ಲಿಷಿಗೆ ಅದು ಸಾಕು. ಆದರೆ 'ಸ್ತ್ರೀ' ಎಂಬ ಒಂದೇ ಅಕ್ಷರ ಯಂತ್ರದ ನೆನಪಿನಲ್ಲಿ ಆರು ಬಿಡಿ ಚಿಹ್ನೆಗಳಾಗಿರುತ್ತದೆ. ಆರು ಚೌಕಗಳಲ್ಲಿ ಅದು ಚದುರಿಹೋದದ್ದನ್ನು ಕಂಡು ಅವಳಿಗೆ ಸಿಟ್ಟು ಬಂದಿತ್ತು, ಅಷ್ಟೆ. ಮೊದಮೊದಲು ಅವಳು ಬರೆದ ಡ್ರೈವರ್ ಅಕ್ಷರಗಳನ್ನು ಕೂಡಿಸಿತು, ಆದರೆ ಕೆಳಗಿನ ಸಾಲು ಬರುತ್ತಲೇ ಒತ್ತುಗಳೆಲ್ಲ ಅಳಿಸಿಹೋದವು. 'ಹಳ್ಳಿ' ಹೋಗಿ 'ಹಳಿ' ಆಯಿತು. 'ಕಟ್ಟು' ಎಂದದ್ದು 'ಕಟು' ಆಯಿತು. ಪರೀಕ್ಷೆಗೆಂದು ಅಕ್ಕನಿಗೆ ತೋರಿಸಿದರೆ ಅವಳು ಬಿದ್ದು ಬಿದ್ದು ನಕ್ಕಳು. "ನಿನ್ನ ಯಂತ್ರಕ್ಕ ಹಲ್ಲು ಉದುರ್‍ಯಾವ ನೋಡು."

ಹಲ್ಲು ಕಟ್ಟಲು ವರ್ಷಗಳೇ ಹಿಡಿದವು. ಕರ್ನಲ್‌ನ ಆ ಭಾಗಕ್ಕೆ ಹೊಣೆಯಾಗಿದ್ದವಳು ಜಾರ್ಜಿಯಾ ದೇಶದ ತಮಾರ್ ಎಂಬ ಹೆಂಗಸು. ಅವಳು ಒಪ್ಪಿದರೆ ಮಾತ್ರ ತಿದ್ದುಪಡಿ ಒಳಗೆ ಹೋಗುತ್ತಿತ್ತು. ಅವಳು ಒಪ್ಪಲಿಲ್ಲ.

"ಅಕ್ಷರ ಕೂಡಿಸುವ ಕೆಲಸ ಮೇಲ್ಪದರದ್ದು. ಅದನ್ನು ತಳಕ್ಕೆ ಯಾಕೆ ತರುತ್ತೀಯ?" ಎಂದು ಕೇಳಿದಳು.

"ಮೇಲ್ಪದರ ಬಿದ್ದಾಗ?"

"ಬಿದ್ದಾಗಲೇ ನನಗೆ ಭಯ. ಎಲ್ಲ ಕುಸಿಯುತ್ತಿರುವ ಹೊತ್ತಿನಲ್ಲಿ ನಿನ್ನ ಒತ್ತಕ್ಷರಕ್ಕಾಗಿ ಕರ್ನಲ್ ನೆನಪಿನಲ್ಲಿ ಜಾಗ ಹುಡುಕುತ್ತ ಕೂತರೆ, ಇದ್ದ ಎರಡು ಮಾತೂ ಹೊರಗೆ ಬರುವುದಿಲ್ಲ. ಅಂದವಾದ ಅಕ್ಷರಕ್ಕಿಂತ ಬದುಕಿರುವ ಯಂತ್ರ ಮೇಲು."

ಆ ಮಾತಿನಲ್ಲಿ ನ್ಯಾಯವಿತ್ತು. ಎರಡು ದಿನ ಕುದಿದ ಮೇಲೆ ನೀಲಾ ಅದನ್ನು ಒಪ್ಪಿಕೊಂಡಳು. ಅವಳ ಶೋಧ ಹುಟ್ಟಿದ್ದು ಆ ಒಪ್ಪಿಗೆಯಿಂದಲೇ. ಯಂತ್ರ ಓಡುವಾಗ ಕರ್ನಲ್ ಏನನ್ನೂ ಯೋಚಿಸಬಾರದು, ಹೊಸದಾಗಿ ಜಾಗ ಕೇಳಬಾರದು. ಆದ್ದರಿಂದ ಕನ್ನಡದಲ್ಲಿ ಸಾಧ್ಯವಿರುವ ಅಕ್ಷರಜೋಡಣೆಗಳನ್ನೆಲ್ಲ ಮೊದಲೇ ಬಿಡಿಸಿ ಒಂದು ಬಿಗಿಯಾದ ಜಾಲವಾಗಿ ಹೆಣೆದಳು. ಕರ್ನಲ್ ಆ ಜಾಲದ ಮೇಲೆ ಹೆಜ್ಜೆ ಹಾಕಿದರೆ ಸಾಕು, ಪೂರ್ಣ ಅಕ್ಷರ ಕೈಗೆ ಸಿಗುತ್ತದೆ. ಗೊತ್ತಿಲ್ಲದ ಜೋಡಣೆ ಬಂದರೆ ಬಿಡಿ ಅಕ್ಷರವನ್ನೇ ತೋರಿಸಿ ಮುಂದೆ ಹೋಗುತ್ತದೆ, ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ಹಾಗೆಂದು ಗಣಿತದ ಮೂಲಕ ಸಾಧಿಸಿಯೂ ತೋರಿಸಿದಳು. ಚೌಕಗಳನ್ನು ಕಿತ್ತುಹಾಕಿ ಇಡೀ ಸಾಲನ್ನೇ ಒಂದು ಘಟಕ ಮಾಡಿದಳು. ಅದಕ್ಕೆ ತಳಪರದೆ ಎಂದು ಹೆಸರಿಟ್ಟಳು. ತಮಾರ್ ಅದನ್ನು ತಿಂಗಳುಗಟ್ಟಲೆ ಕೆಡವಲು ನೋಡಿ, ಕೆಡವಲಾಗದೆ, ಕೊನೆಗೆ ಒಂದೇ ಮಾತು ಬರೆದಳು: "ತೆಗೆದುಕೊಂಡೆ. ನಮ್ಮ ಅಕ್ಷರಗಳು ಚೌಕದಲ್ಲಿ ಕೂರುತ್ತವೆ. ಕೂರದವರ ಕಷ್ಟ ನನಗೆ ಇಷ್ಟು ದಿನ ಕಂಡಿರಲಿಲ್ಲ."

ಕರ್ನಲ್‌ನ ಸಂದೇಶಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ನಾಡಿನ ಉದ್ದಗಲದ ಆಸಕ್ತರು ಕೈಜೋಡಿಸಿದರು. ಶಾಂಭವಿಯೂ ಸೇರಿಕೊಂಡಳು. 'ಪ್ರತಿಸ್ಪಂದನ ಲಭ್ಯವಿಲ್ಲ' ಎಂದು ಯಾರೋ ಬರೆದದ್ದನ್ನು ಹೊಡೆದುಹಾಕಿ 'ಉತ್ತರ ಕೊಡುತ್ತಿಲ್ಲ' ಎಂದು ಮಾಡಿದವಳು ಅವಳೇ. "ನನಗ ತಿಳಿಯೋ ಹಂಗ ಬರೀರಿ. ಯಂತ್ರಕ್ಕ ಬಿಂಕ ಯಾಕ ಬೇಕು?"

ಈಗ ಅದೇ ಮಾತು ಅವಳ ಮುಂದೆ ಬಂದು ನಿಂತಿತ್ತು.

ಗಲಾಟೆ ಕೇಳಿ ಡಾಕ್ಟರ್ ಸೊರಟೂರ ಬಂದರು. ಸಂಯಮದ ಮನುಷ್ಯ. "ಶುದ್ಧಿಯ ಅಂಕಿ ಪರದೆ ಮ್ಯಾಲ ಐತಲ್ರಿ, ಚಲೋನೂ ಐತಿ," ಎಂದರು.

ನೀಲಾ ಮೊದಲ ಸಲ ಬಾಯಿಬಿಟ್ಟಳು. "ಆ ಅಂಕಿ ಹಳೇದು ಡಾಕ್ಟ್ರೇ. ಸಂವೇದಕ ಸತ್ತರ ಕರ್ನಲ್ ಕಡೀ ಸಲದ ಅಂಕಿನ ಮ್ಯಾಲಕ್ಕ ಕೊಡತೈತಿ. ಮಾತಾಡೋ ಪದರಕ್ಕ ಅದು ಹಳೇದು ಅಂತ ಗೊತ್ತಾಗಂಗಿಲ್ಲ. ಅದು ಸುಳ್ಳು ಹೇಳಾಕತ್ತಿಲ್ಲ, ಅದಕ್ಕ ಗೊತ್ತ ಇಲ್ಲ."

"ಯಾವಾಗಿಂದ ಹಳೇದು?"

"ಅದನ್ನ ನೀರ ಹೇಳಬೇಕು."

ಡಾಕ್ಟರು ಮೆಹಜಬೀನಳಿಗೆ ಸನ್ನೆ ಮಾಡಿದರು. ಕೈಯಿಂದಲೇ ಮಾಡುವ ಹಳೆಯ ಕಾಲದ ನೀರಿನ ಪರೀಕ್ಷೆಯ ಪಟ್ಟಿ ಉಗ್ರಾಣದ ಮೂಲೆಯಲ್ಲಿತ್ತು. ಮೆಹಜಬೀನ್ ಅದನ್ನು ಯಂತ್ರಕ್ಕೆ ಹೋಗುವ ನೀರಿನಲ್ಲಿ ಅದ್ದಿ ಎತ್ತಿದಳು. ಬೆಳ್ಳಗೆ ಉಳಿಯಬೇಕಾಗಿದ್ದ ಕಾಗದ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅವಳು ಇನ್ನೊಂದು ಪಟ್ಟಿ ತೆಗೆದು ಅದ್ದಿದಳು. ಅದೂ ಗುಲಾಬಿ.

ಊರಿನ ನೀರನ್ನು ಶುಚಿಯಾಗಿಡಲು ಬೆರೆಸುವ ಕ್ಲೋರಮಿನ್ ಕುಡಿಯುವವರಿಗೆ ಏನೂ ಮಾಡುವುದಿಲ್ಲ. ಆದರೆ ಡಯಾಲಿಸಿಸ್‌ನಲ್ಲಿ ನೀರು ರಕ್ತದ ಪಕ್ಕದಲ್ಲೇ, ತೆಳುಪೊರೆಯೊಂದರ ಆಚೆ ಹರಿಯುತ್ತದೆ. ಅಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೇಂದ್ರದ ಎಲ್ಲ ಯಂತ್ರಗಳಿಗೂ ನೀರು ಬರುವ ಕೊಳವೆ ಒಂದೇ, ಅದರ ಸಂವೇದಕವೂ ಒಂದೇ. ಆ ನೀರಿನ ಕ್ಲೋರಮಿನ್ ಹೀರಬೇಕಾದ ಇದ್ದಿಲ ಸೋಸುಗ ತೀರಾ ಸವೆದುಹೋಗಿತ್ತು.

ಡಾಕ್ಟರು ಎಲ್ಲ ಯಂತ್ರಗಳನ್ನೂ ನಿಲ್ಲಿಸಿದರು. ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತರು. "ಎಲ್ಲಾರಿಗೂ ರಕ್ತ ಕಡಿಮಿ ಆಗಾಕತ್ತಿತ್ತು. ರೋಗದ್ದ ಗುಣ ಅಂತ ತಿಳಕೊಂಡು ರಕ್ತ ಏರಸೋ ಇಂಜೆಕ್ಷನ್ ಹೆಚ್ಚು ಮಾಡಿದ್ನಿ," ಎಂದರು.

ಶಾಂಭವಿ ಕಿಟಕಿಯ ಪಕ್ಕದ ಹಾಸಿಗೆಯತ್ತ ನೋಡಿದಳು. ಹಿಂದಿನ ತಿಂಗಳು ತೀರಿಕೊಳ್ಳುವವರೆಗೂ ಅಲ್ಲಿ ಮಲಗುತ್ತಿದ್ದ ಗುರುಸಿದ್ಧಪ್ಪ ಇವಳ ಜೊತೆ ಕ್ರಿಕೆಟ್ಟಿನ ಬಗ್ಗೆ ಜಗಳಾಡುತ್ತಿದ್ದ. "ಅವಂಗೂ ಇದ ಆತೇನ್ರಿ?"

"ಹೇಳಾಕ ಬರಂಗಿಲ್ಲ ಟೀಚರ್. ಹೃದಯ ಮೊದಲ ಸೋತಿತ್ತು. ಇನ್ನ ಮ್ಯಾಲೂ ಹೇಳಾಕ ಬರಂಗಿಲ್ಲ."

ಮೆಹಜಬೀನ್ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಶಾಂಭವಿ ಹಾಸಿಗೆಯಿಂದ ಇಳಿದು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ನಿನಗೇನು ಕನಸು ಬಿದ್ದಿತ್ತೇನವಾ? ಅದು ನಿನ್ನ ಜೋಡಿ ಮಾತ ಆಡಿದ್ದಿಲ್ಲ."

ಸೋಸುಗ ಬದಲಾಯಿತು. ರೋಗಿಗಳ ರಕ್ತ ನಿಧಾನವಾಗಿ ಏರಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಯಂತ್ರ ತಯಾರಿಸಿದ ಕಂಪನಿಯ ಅಧಿಕಾರಿಯೊಬ್ಬ ನೀಲಾಳಿಗೆ ಕರೆಮಾಡಿ, ತುಂಬ ಮರ್ಯಾದೆಯಿಂದಲೇ ವಿಷಯ ತಿಳಿಸಿದ. ಅಂಥ ಸಂದೇಶಗಳು ತಂತ್ರಜ್ಞರಿಗೆ ಮೀಸಲು, ರೋಗಿಗಳು ಸುಮ್ಮನೆ ಗಾಬರಿಯಾಗುತ್ತಾರೆ. ಮುಂದಿನ ಆವೃತ್ತಿಯಲ್ಲಿ ತಳಪರದೆಯನ್ನು ಕಂಪನಿಯ ಲಾಂಛನದಿಂದ ಮುಚ್ಚುತ್ತೇವೆ ಎಂದ.

"ನೀನು ಬರದದ್ದನ್ನ ಅವರು ಹ್ಯಾಂಗ ಮುಚ್ಚತಾರ?" ಎಂದು ಶಾಂಭವಿ ಕೆರಳಿದಳು.

"ಯಾರು ಬೇಕಾದರೂ ತಿದ್ದಬಹುದು ಅಂತ ಹೇಳೇ ಕೊಟ್ಟಿದ್ದು ಅಕ್ಕಾ. ನನಗ ತಿದ್ದಾಕ ಬಿಟ್ಟಿದ್ದೂ ಅದ ಹಕ್ಕು. ಅವರಿಗೊಂದು ನನಗೊಂದು ಅನ್ನಾಕ ಬರಂಗಿಲ್ಲ. ನಾ ತಡೀಲಾರೆ."

ಶಾಂಭವಿ ತೋಳಿನ ಮೇಲಿನ ಸೆರಗು ಸರಿಸಿದಳು. "ನಿನಗ ತಡೀಲಿಕ್ಕೆ ಆಗಂಗಿಲ್ಲ. ತೋಳು ನಮ್ಮದಲ್ಲೇನು?"

ಮರುವಾರ ಆ ಕೇಂದ್ರದ ರೋಗಿಗಳೆಲ್ಲ ಒಂದೇ ಮಾತು ಹೇಳಿದರು: ತಳಪರದೆ ತೋರಿಸಿ, ನಾವು ಓದಿದ ಮೇಲೆ ಸೂಜಿ. ಡಾಕ್ಟರ್ ಸೊರಟೂರ ಅವರ ಪರ ನಿಂತರು. ಮಾತು ಹುಬ್ಬಳ್ಳಿಗೆ ಹೋಯಿತು, ಬಾಗಲಕೋಟೆಗೆ ಹೋಯಿತು. ಲಿಫ್ಟು ಹತ್ತುವವರು, ಶಾಲೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸುವವರು ಕೂಡ ಒಳಗಿನ ಯಂತ್ರ ಏನು ಹೇಳುತ್ತದೆ ಎಂದು ಕೇಳತೊಡಗಿದರು. ಕೆಲವು ಕಡೆ ವ್ಯರ್ಥ ಗಾಬರಿಯೂ ಆಯಿತು. ನಿರುಪದ್ರವಿ ಸಾಲೊಂದನ್ನು ಓದಿ ಒಂದು ಊರಿನವರು ಇಡೀ ದಿನ ಬಸ್ಸು ನಿಲ್ಲಿಸಿದರು. ಕಂಪನಿಯವರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೂ ಲಾಂಛನದಿಂದ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ನೀಲಾಳ ಮನಸ್ಸಿನಲ್ಲಿ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. ಸಂವೇದಕ ಸತ್ತಾಗ ಯಂತ್ರವನ್ನೇ ನಿಲ್ಲಿಸದೆ, ಬರಿದೇ ಒಂದು ಸಾಲು ಬರೆದು ಮುಂದುವರಿಯುವಂತೆ ಮಾಡಿದವರು ಯಾರು? ತೆರೆದ ತಂತ್ರಾಂಶದಲ್ಲಿ ಯಾವ ಸಾಲನ್ನು ಯಾರು ಬರೆದರೆಂಬುದು ಎಂದಿಗೂ ಅಳಿಯುವುದಿಲ್ಲ. ಆ ಸಾಲಿಗೆ ನಲವತ್ತು ವರ್ಷ ವಯಸ್ಸಾಗಿತ್ತು. ಬರೆದವರ ಹೆಸರು ಉಲ್ಲಾಸ್, ಊರು ಚನ್ನಪಟ್ಟಣ.

ಹುಡುಕಿ ಕರೆಮಾಡಿದಳು. ಪರದೆಯಲ್ಲಿ ಕಂಡದ್ದು ಅರವತ್ತು ದಾಟಿದ, ಕನ್ನಡಕದ ಮುಖ. ಬೆಟಗೇರಿಯಲ್ಲಿ ನಡೆದದ್ದನ್ನು ಅವರು ಆಗಲೇ ಓದಿದ್ದರು.

"ಆಗ ನಾನಿನ್ನೂ ಓದ್ತಾ ಇದ್ದೆ ಮೇಡಂ. ಯಂತ್ರ ನಿಲ್ಲಿಸಬೇಕಾ ಬೇಡ್ವಾ ಅಂತ ಬಹಳ ಯೋಚನೆ ಮಾಡಿದ್ದೆ. ಅರ್ಧದಲ್ಲಿ ನಿಂತರೆ ಅದೂ ಅಪಾಯ ಅಲ್ವಾ? ತಿಳಿಸಿಬಿಡೋಣ, ಮುಂದೆ ನಿಂತಿರೋ ಮನುಷ್ಯ ತೀರ್ಮಾನ ಮಾಡ್ಲಿ ಅಂದ್ಕೊಂಡೆ."

"ಸರಿಯಾಗೇ ಯೋಚನೆ ಮಾಡೀರಿ," ಎಂದಳು ನೀಲಾ. ಅದು ನಿಜವೂ ಆಗಿತ್ತು. "ಆದರ ಆ ಮನುಷ್ಯಾ ಯಾವ ಭಾಷಾದಾಗ ಓದತಾನ ಅಂತ ಅನಿಸಲಿಲ್ಲೇನ್ರಿ? ನೀವೂ ಕನ್ನಡದವರ."

ಉಲ್ಲಾಸ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನಮಗಾಗ ಇಂಗ್ಲಿಷ್ ಅನ್ನೋದು ಒಂದು ಭಾಷೆ ಅಂತಾನೇ ಅನಿಸ್ತಿರಲಿಲ್ಲ ಮೇಡಂ. ಕಂಪ್ಯೂಟರ್ ಇರೋದೇ ಹಾಗೆ ಅಂದ್ಕೊಂಡಿದ್ವಿ. ಔಷಧಿ ಡಬ್ಬಿ, ಬ್ಯಾಂಕಿನ ಕಾಗದ, ಆಪರೇಷನ್‌ಗೆ ಮುಂಚೆ ರುಜು ಹಾಕೋದು, ಎಲ್ಲಾ ಹಾಗೇ ಇತ್ತು. ಯಾರೂ ಓದ್ತಿರಲಿಲ್ಲ. ಎಲ್ಲಿ ಒತ್ತಬೇಕು ಅಂತ ಕೇಳ್ಕೊಂಡು, ಒಪ್ಪಿದೆ ಅಂತ ಒತ್ತಿ, ಮುಂದೆ ಹೋಗ್ತಿದ್ವಿ."

"ಯಾರೂ ಕೇಳಲಿಲ್ಲೇನ್ರಿ, ಇದು ನಮಗ ತಿಳಿಯೋ ಹಂಗ ಇರಲಿ ಅಂತ?"

"ಕೇಳಬಹುದಿತ್ತು," ಎಂದರು ಉಲ್ಲಾಸ್. ಕನ್ನಡಕ ಮತ್ತೆ ಹಾಕಿಕೊಂಡು, ತಮಗೇ ಹೇಳಿಕೊಳ್ಳುವವರಂತೆ ಅಂದರು: "ಆಗ ಹೊತ್ತು ಮೀರಿರಲಿಲ್ಲ. ಆಗಲೇ ಕೇಳಬಹುದಿತ್ತು."