ಆಕ್ಷೇಪಣೆ ಇದ್ದವರು ಎದ್ದು ನಿಲ್ಲಬೇಕು

ಕುಮುದಿನಿ ಪ್ರಭುದಾಸನನ್ನು ಕ್ಷಮಿಸಿ ಎರಡು ವರ್ಷವಾಗಿತ್ತು. ಹಾಗಂತ ಭಾಲ್ಕಿಯ ಚರ್ಚ್ ಓಣಿಗೆಲ್ಲ ಅವಳೇ ಹೇಳಿಕೊಂಡು ತಿರುಗಿದ್ದಳು. ಆಸಾಮಿ ಪುಣೆಯಲ್ಲಿದ್ದುದರಿಂದ ಕ್ಷಮಿಸುವುದು ಅಷ್ಟೇನೂ ಕಷ್ಟವಾಗಿರಲಿಲ್ಲ.

ನಡೆದದ್ದಿಷ್ಟು. ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಆಕ್ಷೇಪಣೆ ಇದ್ದವರು ಎದ್ದು ನಿಂತು ಹೇಳಬೇಕು. ಇವರ ಹೆಸರು ಎರಡು ಸಲ ಓದಿಯಾಗಿತ್ತು. ಮೂರನೆಯ ಭಾನುವಾರ ಹುಡುಗನೇ ಇಲ್ಲ! ಆ ವರ್ಷ ಮಳೆ ಕೈಕೊಟ್ಟು ಅವನ ಹಳ್ಳಿ ಮೆಹಕರದ ಅರ್ಧ ಜನ ಪುಣೆಯ ಬಸ್ ಹತ್ತಿದ್ದರು, ಅವರ ಜೊತೆ ಇವನೂ ಹತ್ತಿದ್ದ. ಒಂದು ಮಾತಿಲ್ಲ, ಫೋನ್ ಸ್ವಿಚ್ ಆಫ್. ಕುಮುದಿನಿ ಹೊಸ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ಈಗ ಭಾಲ್ಕಿಯ ಬೋರುಗಳೂ ಒಣಗಿ, ಓಣಿಗೆ ಟ್ಯಾಂಕರ್ ನೀರೇ ಗತಿಯಾಗಿತ್ತು. ಏಪ್ರಿಲ್‌ನ ಒಂದು ಬೆಳಿಗ್ಗೆ ಟ್ಯಾಂಕರ್‌ನಿಂದ ಹೊಸ ಡ್ರೈವರ್ ಇಳಿದ. ಮುಖ ಬಡವಾಗಿತ್ತು, ಕೆನ್ನೆಯ ಗುಳಿ ಮಾತ್ರ ಅದೇ. ಕುಮುದಿನಿಯ ಕೊಡ ಜಾರಿ ಅವಳ ಕಾಲಿನ ಮೇಲೇ ಬಿತ್ತು.

"ಹ್ಯಾಂಗಿದ್ದೀ ಕುಮುದಾ?"

"ಆರಾಮ ಇದ್ದೇನ್ರಿ. ನಿಮಗ ಕ್ಷಮಾ ಮಾಡೇನ್ರಿ," ಎಂದು ಕುಂಟುತ್ತ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಟ್ಯಾಂಕರ್ ತಪ್ಪದೆ ಬರಲೆಂದು ಓಣಿಯವರು ದಿನಕ್ಕೊಂದು ಮನೆಯಂತೆ ಡ್ರೈವರ್‌ಗೆ ಊಟ ಹಾಕುವ ರೂಢಿಯಿತ್ತು. ಗುರುವಾರದ ಪಾಳಿ ಕುಮುದಿನಿಯ ಮನೆಯದು.

"ಆ ಹಲ್ಕಟ್ ನನ್ನ ಹೊಸ್ತಿಲ ತುಳದ್ರ ಕಾಲ್ ಮುರಿತೇನಿ," ಎಂದಳು ಅಜ್ಜಿ ಸುಮಿತ್ರಾಬಾಯಿ.

"ಮೋಸ ಮಾಡಿದವ್ರಿಗೂ ಪ್ರೀತಿಲೆ ಉಣಸ್ಬೇಕಂತ ಪಾದ್ರಿ ಸಾಹೇಬ್ರು ಹೇಳ್ಯಾರ, ಆಯಿ."

ಅಜ್ಜಿ ಪಲ್ಯದ ಪಾತ್ರೆಯಲ್ಲಿ ಇಣುಕಿದಳು. "ಇಷ್ಟು ಖಾರ ಹಾಕು ಅಂತನೂ ಹೇಳ್ಯಾರೇನು?"

"ಹಾಕಬ್ಯಾಡ ಅಂತ ಹೇಳಿಲ್ಲಲ್ಲ!"

ಪ್ರಭುದಾಸ ಉಂಡ. ಕಿವಿ ಕೆಂಪಾಯಿತು, ಮೂಗು ಸೋರಿತು, ಕಣ್ಣಲ್ಲಿ ನೀರು ಇಳಿಯಿತು. ಆದರೂ ತಟ್ಟೆ ಮುಂದೆ ಮಾಡಿ, "ಇನ್ನಾ ಸ್ವಲ್ಪ ಹಾಕು," ಎಂದ. ಅವನ ಒದ್ದೆ ರೆಪ್ಪೆಗಳನ್ನು ನೋಡಬಾರದೆಂದುಕೊಂಡೇ ಕುಮುದಿನಿ ನೋಡಿದಳು. ಕೈ ತಾನಾಗಿಯೇ ಮೊಸರಿನ ಬಟ್ಟಲನ್ನು ಅವನತ್ತ ಸರಿಸಿತು. ಅವನು ತಲೆ ಎತ್ತಿ ನಕ್ಕ. ಅವಳು ಗೋಡೆಯ ಕ್ಯಾಲೆಂಡರ್ ಓದತೊಡಗಿದಳು. ಅದು ಹಿಂದಿನ ವರ್ಷದ್ದು.

ಮೂರು ಗುರುವಾರ ಹೀಗೇ ನಡೆಯಿತು. ಅವಳು "ರೀ" ಹಚ್ಚಿ ಮಾತಾಡುವುದು, ಅವನು ಖಾರ ನುಂಗುವುದು. ನಾಲ್ಕನೆಯ ಗುರುವಾರ ಅವನು ತಟ್ಟೆ ಮುಟ್ಟಲಿಲ್ಲ.

"ನಿನ್ನ ಕ್ಷಮಾ ನನಗ ಬ್ಯಾಡ ಕುಮುದಾ. ಒಂದ್ ಸಲ ಬೈದ್ಬಿಡು."

"ಬೈಯಾಕ ನಾ ಯಾರ್ರಿ?"

"ಹೊಲ ಒಣಗಿತ್ತು, ಕೈಯಾಗ ಕೆಲಸ ಇರ್ಲಿಲ್ಲ. ಹೆದರಿ ಓಡಿದೆ. ಹೋಗ್ತೇನಿ ಅಂತ ನಿನಗ ಹೇಳೂವಷ್ಟು ಧೈರ್ಯ ಸೈತ ಇರ್ಲಿಲ್ಲ. ಇದಕ್ಕ ನೆವ ಏನೂ ಇಲ್ಲ. ತಪ್ಪು ನಂದೇ."

ಕುಮುದಿನಿಯ ಕೈಯ ಸೌಟು ನೆಲಕ್ಕೆ ಬಿತ್ತು.

"ಹೆದರೇನಿ ಅಂತ ಹೇಳಿದ್ರ ನಾನೂ ಬಸ್ ಹತ್ತತಿದ್ದೆ, ಕತ್ತೆ! ಹೊಸ ಸೀರಿ ಉಟ್ಟು ಎಲ್ಲಾರ ಮುಂದ ಕುಂತಿದ್ದೆ! ಬಾಗಿಲ ಸಪ್ಪಳಾದಾಗೊಮ್ಮೆ ತಿರುಗಿ ನೋಡಿದೆ! ಪುಣೇದಾಗ ಒಂದ್ ಪೋಸ್ಟ್ ಕಾರ್ಡೂ ಸಿಗಲಿಲ್ಲೇನು ನಿನಗ?"

ಹೊರಗೆ ಪಕ್ಕದ ಮನೆಯ ಖತೀಜಾ ಬೇಗಂ ತಾನೇ ಟ್ಯಾಂಕರ್‌ನ ನಳ ಬಂದ್ ಮಾಡಿ ಕಿಟಕಿಗೆ ಬಂದಳು. "ಎರಡು ವರ್ಷ ಆತು ಇದಕ್ಕ ಕಾಯಾಕತ್ತಿ," ಎಂದು ಹಿಂದಿನವರಿಗೆ ಹೇಳಿದಳು.

ಅರ್ಧ ಗಂಟೆ ಬೈದು ಕುಮುದಿನಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತ ಮೇಲೆ ಎದೆ ಹಗುರಾಯಿತು. ಅವಳು ಅವನನ್ನು ನಿಜವಾಗಿ ಕ್ಷಮಿಸಿದ್ದು ಅಂದು. ಪ್ರೀತಿ ಮಾತ್ರ ಒಂದು ದಿನವೂ ಹೋಗಿರಲಿಲ್ಲ ಎಂಬುದೂ ಅವಳಿಗೆ ಅಂದೇ ತಿಳಿಯಿತು.

"ಮೂರನೇ ಸಲ ಓದಸ್ಲೇನು?" ಅವನು ಮೆಲ್ಲಗೆ ಕೇಳಿದ.

"ಮದಲ ಉಣ್ಣು. ಇವತ್ತ ಖಾರ ಕಡಿಮಿ ಹಾಕೇನಿ."

ಹಳೆಯ ಎರಡು ಸಲ ಇನ್ನು ನಡೆಯುವುದಿಲ್ಲ, ಮೊದಲಿನಿಂದ ಓದಬೇಕು ಎಂದರು ಪಾದ್ರಿಗಳು. ಎರಡು ಭಾನುವಾರ ಪ್ರಭುದಾಸ ಎಲ್ಲರಿಗಿಂತ ಮೊದಲು ಬಂದು ಕೂತ. ಮೂರನೆಯ ಭಾನುವಾರ ಗಂಟೆ ಹೊಡೆಯಿತು, ಪ್ರಾರ್ಥನೆ ಮುಗಿಯಿತು, ಹುಡುಗನಿಲ್ಲ. ಕುಮುದಿನಿ ಅದೇ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. ಈ ಸಲ ತಿರುಗಿ ನೋಡಲಾರೆ ಎಂದುಕೊಂಡಳು.

ಚರ್ಚಿನ ಮುಂದೆ ಟ್ಯಾಂಕರ್ ಗಕ್ಕನೆ ನಿಂತ ಸಪ್ಪಳ. ಮೊಣಕಾಲತನಕ ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ಓಡಿಬಂದ ಪ್ರಭುದಾಸ, "ಪಂಕ್ಚರ್ ಆಗಿತ್ತ್ರಿ," ಎಂದು ಇಡೀ ಸಭೆಗೆ ಹೇಳಿ ಕೂತ.

ಪಾದ್ರಿಗಳು ಹೆಸರು ಓದಿ, ಆಕ್ಷೇಪಣೆ ಇದ್ದವರು ಎದ್ದು ನಿಲ್ಲಬೇಕೆಂದರು.

ಕುಮುದಿನಿ ಎದ್ದು ನಿಂತಳು.

ಅಜ್ಜಿಯ ಕೈಯ ಬೀಸಣಿಗೆ ನಿಂತಿತು. ಪ್ರಭುದಾಸನ ಮುಖ ಬಿಳಚಿತು.

"ನನ್ನವು ಭಾಳ ಆಕ್ಷೇಪಣಿ ಅದಾವ್ರಿ, ಪಾದ್ರಿ ಸಾಹೇಬ್ರ," ಎಂದಳು. "ಇಲ್ಲಿ ಹೇಳಾಕ ಹೊತ್ತು ಸಾಲಂಗಿಲ್ಲ. ಮದುವಿ ಆದಮ್ಯಾಲ ಒಂದೊಂದೇ ಮನ್ಯಾಗ ಹೇಳ್ತೇನಿ. ನೀವ್ ಮದುವಿ ತಾರೀಖ ಓದ್ರಿ."