ಬಿಳಿ ನರಿಯ ಡಬ್ಬಿ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ವರ್ನಾ ಸ್ಕೋಗನ್ ಟ್ಯಾಮರಾಕ್ ಕೌಂಟಿಯ ಶೆರಿಫ್ ಠಾಣೆಗೆ ಬಂದಾಗ ಅವಳ ಕೋಟಿನ ತೋಳಿಗೆ ರಕ್ತ ಅಂಟಿ ಒಣಗಿತ್ತು. ಹಿಮದ ಮೇಲೆ ಸ್ಕೀ ಮಾಡುತ್ತ ಹೋಗಿ ನಡುನಡುವೆ ಗುರಿಗೆ ಹೊಡೆಯುವ ಕ್ರೀಡೆಗೆ ಊರಿನಲ್ಲೊಂದು ಕ್ಲಬ್ಬಿದೆ. ವರ್ನಾ ಅದರ ತರಬೇತುದಾರಳು. ರಕ್ತ ಅವಳ ಶಿಷ್ಯೆ ಕೊರಿನ್ ಬಿಸೆಟ್‌ಳದು. ಹಿಂದಿನ ದಿನ ಅಭ್ಯಾಸದಲ್ಲಿ ಕೊರಿನ್ ಹಾರಿಸಿದ ಗುಂಡೊಂದು ನಳಿಗೆಯೊಳಗೇ ನಿಂತುಬಿಟ್ಟಿತ್ತು. ಗೊತ್ತಾಗದೆ ಅವಳು ಮುಂದಿನದನ್ನು ಹಾರಿಸಿದಳು. ಹಿತ್ತಾಳೆಯ ಚೂರು ಹಿಂದಕ್ಕೆ ಸಿಡಿದು ಕಣ್ಣಿಗೆ ಹೊಕ್ಕಿತು.

ದೂರು ಬರೆದುಕೊಂಡವಳು ಡಿಟೆಕ್ಟಿವ್ ಮಾರ್ಗಿಟ್ ಹಾಗೆನ್. ವರ್ನಾ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟಳು. ಸಣ್ಣ ಗುಂಡಿನ ಟ್ವೆಂಟಿಟು ರೈಫಲಿನ ಐವತ್ತು ತೋಟಾಗಳ ರಟ್ಟಿನ ಡಬ್ಬಿ. ತಿಳಿನೀಲಿ ಬಣ್ಣ, ಹಿಮದ ಮೇಲೆ ತಿರುಗಿ ನೋಡುವ ಬಿಳಿ ನರಿ, ಕೆಳಗೆ ‘ಕೊರೆಯುವ ಚಳಿಯಲ್ಲೂ ಕೈಕೊಡದು’ ಎಂಬ ಸಾಲು.

"ಕಂಪನಿಯವರು ಇದನ್ನ ನಿಲ್ಲಿಸಿ ಎರಡು ವರ್ಷ ಆಯ್ತು. ಬಂದೂಕು, ತೋಟಾ ಮಾರೋ ಗನ್ ಶೋದಲ್ಲಿ ಒಬ್ಬ ಮುದುಕನ ಹತ್ರ ಕಣ್ಣಿಗೆ ಬಿತ್ತು. ಹಬ್ಬ ಬಂದಂಗಾಗಿ ತಗೊಂಡ್ವಿ" ಅಂದಳು ವರ್ನಾ.

ಬೇರೆ ಕ್ಲಬ್ಬಿನವರೂ ಅವನಲ್ಲಿ ಕೊಂಡಿದ್ದರು. ಶನಿವಾರ ರಾಜ್ಯದ ಸ್ಪರ್ಧೆ. ಮಾರ್ಗಿಟ್ ಆಯೋಜಕರಿಗೆ ಫೋನ್ ಮಾಡಿ ನರಿ ಡಬ್ಬಿ ಯಾರೂ ಬಳಸಬಾರದೆಂದು ಹೇಳಿದಳು. ಅವರು ಒಪ್ಪಲಿಲ್ಲ. ಎಷ್ಟೋ ಮಂದಿ ಹಳೆಯ ಅಸಲಿ ಡಬ್ಬಿಗಳನ್ನು ಈ ದಿನಕ್ಕೆಂದೇ ಜೋಪಾನ ಮಾಡಿಟ್ಟಿದ್ದಾರೆ. ನಕಲಿ ಯಾವುದೆಂದು ತೋರಿಸಿ, ಆಮೇಲೆ ತಡೆಯೋಣ ಎಂದರು.

ಮಧ್ಯಾಹ್ನ ಅಭ್ಯಾಸದ ಮೈದಾನದಲ್ಲಿ ಕ್ಲಬ್ಬಿನ ಇಬ್ಬರು ಸದಸ್ಯರ ಸಮಕ್ಷಮ ಪಂಚನಾಮೆ ನಡೆಯಿತು. ನಳಿಗೆ ಉಬ್ಬಿದ ರೈಫಲ್ಲು, ಉಳಿದ ತೋಟಾ, ಡಬ್ಬಿಗಳು ಜಪ್ತಿಯಾದವು. ವರ್ನಾ ಮನೆಯಲ್ಲಿ ಗುಂಡಿ, ಸೂಜಿ ಹಾಕಿಡುತ್ತಿದ್ದ ಹಳೆಯ ನರಿ ಡಬ್ಬಿಯೊಂದನ್ನು ತರಿಸಿ, ಮಾರ್ಗಿಟ್ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಹರಡಿದಳು. ಬಣ್ಣ, ಅಕ್ಷರ, ರಟ್ಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂಟು ಮಾತ್ರ ಬೇರೆ. ಹಳೆಯದರ ಮಡಿಕೆಯಲ್ಲಿ ಯಂತ್ರ ಇಟ್ಟ ಎರಡು ಚುಕ್ಕೆ. ಹೊಸದರಲ್ಲಿ ಕುಂಚ ಎಳೆದ ಗೆರೆ. ತೋಟಾದ ಬುಡದಲ್ಲಿದ್ದ ಮುದ್ರೆಯೂ ಬೇರೆ. ಅದು ಬಕೆಟ್ಟಿನಲ್ಲಿ ಸುರಿದು ಮಾರುವ ಅಗ್ಗದ ಮಾಲಿನದು, ಜನ ಹಿತ್ತಲಲ್ಲಿ ಖಾಲಿ ಡಬ್ಬ ಉರುಳಿಸಲು ಕೊಳ್ಳುವಂಥದ್ದು.

ಡೆಪ್ಯುಟಿ ಡ್ವೇನ್ ರೋಬಿಡೋ ಬಗ್ಗಿ ನೋಡಿದ. "ನಮ್ಮತ್ತೆ ಹೀಗೇ ಮೇಡಂ. ಅಂಗಡಿಯಿಂದ ಹಣ್ಣಿನ ಪೈ ತಂದು ತನ್ನ ತಟ್ಟೇಲಿಟ್ಟು, ಬೆಳಿಗ್ಗೆಯಿಂದ ಒಲೆ ಮುಂದೆ ಇದ್ದೆ ಅಂತಾಳೆ."

ಮಾರ್ಗಿಟ್ ಬಿಚ್ಚಿದ ರಟ್ಟನ್ನೇ ತಿರುಗಿಸಿ ನೋಡಿದಳು. ಡಬ್ಬಿ ಅಸಲಿಯೇ ಆದರೆ ಖಾಲಿ ಡಬ್ಬಿ ಆ ಮುದುಕನಿಗೆ ಸಿಕ್ಕಿದ್ದೆಲ್ಲಿ?

ತೋಟಾ ಕಂಪನಿಯವರನ್ನು ಹಿಡಿಯಲು ಎರಡು ದಿನ ಹೋಯಿತು. ನರಿಯನ್ನು ಕೈಬಿಟ್ಟಾಗ ಕೊನೆಯ ಕಂತಿನ ರಟ್ಟು ಮಡಿಸದೆ ಉಳಿದಿತ್ತು, ಅದನ್ನು ಮುದ್ರಣಾಲಯದವರು ಕತ್ತರಿಸಿ ಹಾಕಬೇಕಿತ್ತು ಎಂದರು. ಡುಲೂತ್ ನಗರದ ಆ ಮುದ್ರಣಾಲಯದ ಮೇಸ್ತ್ರಿ ಮೊದಲು ಕತ್ತರಿಸಿದೆವೆಂದೇ ವಾದಿಸಿದ. ಕೊರಿನ್‌ಳ ವಿಷಯ ಹೇಳಿದ ಮೇಲೆ ಅವನ ದನಿ ಇಳಿಯಿತು. ರೋಲಂಡ್ ಫೆನ್ಸ್ಕೆ ಎಂಬಾತ ಬಂದು ಆ ರಟ್ಟನ್ನು ನೆನಪಿಗೆಂದು ಕೇಳಿದ, ನರಿಯ ಚಿತ್ರ ಬರೆದವನೇ ಅವನು, ಇಲ್ಲ ಅನ್ನಲಾಗಲಿಲ್ಲ ಎಂದ.

ಶುಕ್ರವಾರ ಮಧ್ಯಾಹ್ನ ಶೋಧನಾ ವಾರಂಟ್ ಹಿಡಿದು ಮಾರ್ಗಿಟ್, ಡ್ವೇನ್ ಇಬ್ಬರೂ ಫೆನ್ಸ್ಕೆಯ ಗ್ಯಾರೇಜಿಗೆ ಹೋದರು. ಎಪ್ಪತ್ತರ ಆಸುಪಾಸಿನ ತೆಳ್ಳಗಿನ ಆಳು, ಉಣ್ಣೆಯ ಟೋಪಿ. ಒಂದು ಡಬ್ಬಿ ಮಡಿಸುತ್ತಿದ್ದ. ಬ್ಯಾಡ್ಜ್ ನೋಡಿಯೂ ಆ ಮಡಿಕೆ ಮುಗಿಸಿಯೇ ಕೈ ತೆಗೆದ. ಪಕ್ಕದಲ್ಲಿ ಅಂಟಿನ ಬಟ್ಟಲು, ಕುಂಚ. ಗೋಡೆಯುದ್ದಕ್ಕೂ ಬಕೆಟ್ಟುಗಳು, ಅವುಗಳ ಮೈಮೇಲೆ ಕೆಸರುನೀರು ನಿಂತ ಗುರುತು.

"ಯಾರ್ಯಾರಿಗೆ ಮಾರಿದ್ರಿ?" ಮಾರ್ಗಿಟ್ ಕೇಳಿದಳು.

"ಮೊದಲು ನೀನು ಹೇಳಮ್ಮ. ಯಾರಾದರೂ ಗುರುತು ಹಿಡಿದ್ರಾ?"

"ನಾಳೆ ಬೆಳಿಗ್ಗೆ ಸ್ಪರ್ಧೆ ಇದೆ. ಯಾರಿಗೆ ಮಾರಿದ್ರಿ?"

"ಹಿಡಿದ್ರಾ, ಇಲ್ವಾ?"

ಮಾರ್ಗಿಟ್ ಅವನ ಮುಂದಿದ್ದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಇಲ್ಲ. ಡಬ್ಬಿ ನೋಡಿ ಒಬ್ಬರಿಗೂ ಅನುಮಾನ ಬರಲಿಲ್ಲ. ಅದಕ್ಕೇ ಒಬ್ಬಳು ಕಣ್ಣು ಕಳಕೊಂಡು ಆಸ್ಪತ್ರೇಲಿ ಮಲಗಿದಾಳೆ."

ಮುದುಕ ಬಕೆಟ್ಟುಗಳ ಕಡೆ ನೋಡಿದ. ನೆರೆ ನುಗ್ಗಿದ ನೆಲಮಾಳಿಗೆಯ ಮಾಲದು, ಒಳಗಿನ ಮದ್ದಿಗೆ ನೀರು ಇಳಿದಿದ್ದ ತೋಟಾಗಳು, ಯಾರೋ ಎಸೆಯುತ್ತಿದ್ದುದನ್ನು ತಂದಿದ್ದ. "ಒಲೆ ಹತ್ರ ಒಣಗಿಸಿದ್ದೆ. ಚೆನ್ನಾಗಿ ಹೊಳೀತಿದ್ವು" ಎಂದ. ಆಮೇಲೆ ಮಾರ್ಗಿಟ್ ಮತ್ತೆ ಕೇಳುವ ಮೊದಲೇ ಕ್ಲಬ್ಬುಗಳ ಹೆಸರು ಹೇಳಿದ, ಕೊಂಡವರ ಮುಖಚಹರೆ ಹೇಳಿದ, ಅವಸರವಾಗಿ, ಒಂದರ ಮೇಲೊಂದು. ಡ್ವೇನ್ ಹೊರಗೆ ಕಾರಿನಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಹಚ್ಚಿದ.

ಅಂಟಿನ ಗುರುತು ತೋರಿಸಿದ ಮೇಲೆ ಆಯೋಜಕರೂ ಒಪ್ಪಿದ್ದರು; ಶನಿವಾರ ಸ್ಪರ್ಧೆ ತಡವಾಗಿ ಶುರುವಾಯಿತು. ಕೊರೆಯುವ ಚಳಿಯಲ್ಲಿ ಸಾಲುಗಟ್ಟಿ ನಿಂತವರ ಡಬ್ಬಿಗಳನ್ನು ವರ್ನಾ ಒಂದೊಂದಾಗಿ ಬಿಚ್ಚಿ ಅಂಟು ನೋಡಿದಳು. ಕುಂಚದ ಗೆರೆ ಇದ್ದವೆಲ್ಲ ಡ್ವೇನ್ ಹಿಡಿದಿದ್ದ ಚೀಲಕ್ಕೆ ಬಿದ್ದವು. ಕೆಲವರು ಗೊಣಗಿದರು. ಯಾರಿಗೂ ಏನೂ ಆಗಲಿಲ್ಲ.

ಫೆನ್ಸ್ಕೆಯ ಹೇಳಿಕೆಯಲ್ಲಿ ದುಡ್ಡಿನ ಮಾತು ಹೆಚ್ಚಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವನು ಆ ಕಂಪನಿಗೆ ಡಬ್ಬಿ ಬರೆದಿದ್ದ: ಬೇಟೆಯವರಿಗೆ ಅಳಿಲು, ಮಕ್ಕಳಿಗೆ ಕೆಂಪು ಚಕ್ರ, ಚಳಿಗೆ ನರಿ. ಹೊಸದಾಗಿ ಬಂದ ಮಾರಾಟದ ಮುಖ್ಯಸ್ಥ ಎಲ್ಲರ ಎದುರು, ಶೂಟರುಗಳು ಗುಂಡು ನೋಡುತ್ತಾರೆ, ನಿನ್ನ ಗೊಂಬೆ ನೋಡಲ್ಲ ಎಂದಿದ್ದ. ನರಿಯ ಜಾಗಕ್ಕೆ ಅಂಕಿ ತುಂಬಿದ ಕಪ್ಪು ಡಬ್ಬಿ ಬಂತು. ಒಂದೇ ಒಂದು ಸಲ ನೋಡೋಣವೆಂದು ಫೆನ್ಸ್ಕೆ ಗನ್ ಶೋದಲ್ಲಿ ಮೇಜು ಹಾಕಿದ. ಮೊದಲು ಬಂದವನು ಬೆಲೆ ಕೇಳುವ ಮುಂಚೆ ಹೆಬ್ಬೆರಳಿನಿಂದ ನರಿಯ ಬೆನ್ನು ಸವರಿದನಂತೆ. ಆಮೇಲೆ ನಿಲ್ಲಿಸಲು ಮನಸ್ಸು ಬರಲಿಲ್ಲ.

ಸಹಿ ಹಾಕಿ ಪೆನ್ನು ಕೆಳಗಿಟ್ಟು ಅವನು ಕೇಳಿದ: "ಯಾವ ಕಣ್ಣು?"

"ಬಲಗಣ್ಣು."

ಮಾರ್ಗಿಟ್ ಹೇಳಿಕೆಯ ಹಾಳೆಗಳನ್ನು ಒಟ್ಟುಮಾಡಿಕೊಂಡಳು. ಅಷ್ಟು ವರ್ಷ ಶೂಟರುಗಳ ನಡುವೆ ಬದುಕಿದವನಿಗೆ, ಗುರಿ ಹಿಡಿಯುವುದು ಯಾವ ಕಣ್ಣೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.