ಗೋತ್ರ ಬೇರೆ, ನೆತ್ತರು ಒಂದೇ

ಏಳು ಸುತ್ತಿನ ಕೋಟೆಯ ಹೊನ್ನಾವತೀ ನಗರದಲ್ಲಿ ಅಂದು ಪೂರ್ವದ್ವಾರದಿಂದ ಮದುವೆಯ ಬಾಳೆಕಂಬಗಳು ಅರಮನೆಯೊಳಕ್ಕೆ ಬರುತ್ತಿದ್ದರೆ, ಪಶ್ಚಿಮದ್ವಾರದಿಂದ ಎಂಟು ತಿಂಗಳಿಗೇ ತೀರಿಹೋದ ರಾಜಕುಮಾರನ ಬರಿದಾದ ತೊಟ್ಟಿಲು ಹೊರಕ್ಕೆ ಹೋಗುತ್ತಿತ್ತು. ಸೂತಕ ಕಳೆದು ಒಂದು ದಿನವಷ್ಟೇ ಆಗಿತ್ತು. ಅಧಿಕಾರದ ಹಸಿವಿಗೆ ಎಂದೂ ನಾಚಿಕೆಯಿಲ್ಲ.

ಮಹಾರಾಣಿ ಕಂಚಲದೇವಿ ಕಳೆದುಕೊಂಡ ಮೂರನೆಯ ಮಗುವದು. ಆಕೆ ಮಹಾರಾಜ ಮಾರದೇವನ ಸೋದರಮಾವ, ದಳವಾಯಿ ಬೊಮ್ಮರಸನ ಹಿರಿಯ ಮಗಳು. ಮೂರು ತಲೆಮಾರಿನಿಂದ ಅದೊಂದೇ ಮನೆಯ ಹೆಣ್ಣು ಈ ಅರಮನೆಗೆ ಬಂದಿತ್ತು. ಪರನಾಡಿನ ಸೊಸೆ ಬಂದರೆ ತನ್ನ ಹಿಡಿತ ತಪ್ಪೀತೆಂದು ಬೊಮ್ಮರಸ ಈಗ ಕಿರಿಯ ಮಗಳನ್ನೂ ಅರಸನಿಗೇ ಕೊಡಲು ಹೊರಟಿದ್ದ. ರಾಜವೈದ್ಯ ದೇವಣಪಂಡಿತನೊಬ್ಬನೇ ತುಂಬಿದ ಸಭೆಯಲ್ಲಿ ಎದ್ದುನಿಂತ.

“ಪ್ರಭು, ಮೂರು ಕೂಸುಗಳಿಗೂ ಒಂದೇ ರೋಗ. ಕತ್ತು ನಿಲ್ಲಲಿಲ್ಲ, ಕೈಕಾಲು ಬಲಿಯಲಿಲ್ಲ. ತಮ್ಮ ಅಣ್ಣಂದಿರಿಬ್ಬರೂ ತೊಟ್ಟಿಲಲ್ಲಿದ್ದಾಗ ಹೀಗೆಯೇ ತೀರಿಕೊಂಡರು. ಅದೇ ಮನೆಯಿಂದ ಮತ್ತೆ ಹೆಣ್ಣು ತರಬೇಡಿ.”

ಬೊಮ್ಮರಸ ನಕ್ಕ. “ಗೋತ್ರ ಬೇರೆಯಿರುವಾಗ ದೋಷವೆಲ್ಲಿಂದ ಬಂತು, ಪಂಡಿತರೇ?”

“ಗೋತ್ರ ತಂದೆಯಿಂದ ಮಾತ್ರ ಬರುತ್ತದೆ, ದಳವಾಯಿಗಳೇ. ನೆತ್ತರು ತಾಯಿಯಿಂದಲೂ ಬರುತ್ತದೆ.”

“ನನ್ನ ಒಡಹುಟ್ಟಿದ ರಾಜಮಾತೆಯ ನೆತ್ತರನ್ನೇ ಜರೆಯುವಿರಾ? ಪ್ರಭು, ಮಕ್ಕಳಿಗೆ ವಿಷವಿಕ್ಕಿದವನು ಈತನೇ! ಪರೀಕ್ಷೆಯಾಗಲಿ.”

ವೈದ್ಯನ ಮೇಲೆ ಸಂಶಯ ಬಂದರೆ, ತಾನು ಕೊಟ್ಟ ಔಷಧವನ್ನು ಆತ ಸಭೆಯೆದುರು ಕುಡಿಯಬೇಕೆಂಬುದು ಆ ನಾಡಿನ ಕಟ್ಟಳೆ. ಅರಸ ತಲೆಯಾಡಿಸಿದ. ದಳವಾಯಿಯ ಸೇವಕನೇ ವೈದ್ಯಶಾಲೆಯಿಂದ ಔಷಧದ ಪಾತ್ರೆ ತಂದ. ಮೂಗಿನ ಬಳಿ ಹಿಡಿದೊಡನೆ ಪಂಡಿತನಿಗೆ ತಿಳಿಯಿತು: ಇದು ತನ್ನ ಕಷಾಯವಲ್ಲ, ಘೋರ ವಿಷ. ಕುಡಿಯದಿದ್ದರೆ ಅಪರಾಧಿ, ಕುಡಿದರೆ ಹೆಣ.

ಬೊಮ್ಮರಸ ಹತ್ತಿರ ಬಂದು ಪಿಸುಗುಟ್ಟಿದ: “ಮದುವೆಗೆ ದೋಷವಿಲ್ಲವೆಂದುಬಿಡಿ. ಪಾತ್ರೆಯನ್ನು ಕೆಳಗಿಡಬಹುದು.”

ಒಂದೇ ಒಂದು ಸುಳ್ಳು ಸಾಕಿತ್ತು. ಪಂಡಿತನಿಗೆ ಭಯವಾಗಲಿಲ್ಲವೆಂದರೆ ಅದೂ ಸುಳ್ಳೇ ಆದೀತು. ಆದರೆ ಆ ಮೂವರು ಮಕ್ಕಳೂ ಅವನ ಮಡಿಲಲ್ಲೇ ಕೊನೆಯುಸಿರೆಳೆದಿದ್ದರು. ನಾಲ್ಕನೆಯ ಸಾವನ್ನು ನೋಡಲಾರದೆ ಅವನು ರಾಣಿವಾಸದವರು ಕುಳಿತಿದ್ದ ತೆರೆಯತ್ತ ತಿರುಗಿದ.

“ಮಹಾರಾಣಿ, ಕುಮಾರನು ನನ್ನ ಔಷಧವನ್ನು ಎಷ್ಟು ಕಾಲ ಕುಡಿದನು?”

“ಐದು ತಿಂಗಳು,” ಎಂದಿತು ತೆರೆಯ ಹಿಂದಿನ ದನಿ.

“ನೆನಪಿರಲಿ, ತಾಯೀ.”

ಕುಡಿದ. ಅರ್ಧ ಗಳಿಗೆಯೊಳಗೆ ಬಾಯಲ್ಲಿ ನೊರೆ ಬಂದು, ನೆಲ ಕೆರೆಯುತ್ತ ಉರುಳಾಡಿ ಸತ್ತ. ಯಾರೂ ಒಂದು ಗುಟುಕು ನೀರು ಕೊಡಲಿಲ್ಲ.

“ಕೊಲೆಗಾರ ಸಿಕ್ಕಿಬಿದ್ದ!” ಎಂದ ಬೊಮ್ಮರಸ.

ಕಂಚಲದೇವಿ ತೆರೆ ಸರಿಸಿ ಸಭೆಯ ನಡುವೆ ಬಂದಳು. “ಅಪ್ಪಾಜಿ, ನನ್ನ ಕಂದ ದಿನಕ್ಕೆರಡು ಸಲ ಐದು ತಿಂಗಳು ಕುಡಿದ ಔಷಧ, ಗಟ್ಟಿಮುಟ್ಟಾದ ಗಂಡಸನ್ನು ಅರ್ಧ ಗಳಿಗೆಯಲ್ಲಿ ಕೊಂದಿತೇ? ಈ ಪಾತ್ರೆಯನ್ನು ತಂದವನು ಯಾರ ಸೇವಕ?”

ಬೊಮ್ಮರಸನ ಮುಖ ಕಪ್ಪಿಟ್ಟಿತು. ಮಾರದೇವ ಹೆಣವನ್ನು ನೋಡಿದ, ಪಾತ್ರೆಯನ್ನು ನೋಡಿದ. ಅದರಲ್ಲಿ ಅರ್ಧ ವಿಷ ಉಳಿದಿತ್ತು.

“ಉಳಿದುದನ್ನು ಮಾವನವರಿಗೆ ಕುಡಿಸಿ.”

ಅಂಗರಕ್ಷಕರು ದಳವಾಯಿಯ ರಟ್ಟೆ ಹಿಡಿದರು. “ಮಗಳೇ, ಬೇಡವೆನ್ನು!” ಎಂದು ಅವನು ಚೀರಿದ.

ಅವಳು ಬೇಡವೆನ್ನಲಿಲ್ಲ. ಸಭೆಯಿಂದ ಹೊರಬಂದು, ಮದುವೆಯ ಚಪ್ಪರದಲ್ಲಿ ಮದುವಣಗಿತ್ತಿಯಾಗಿ ಕುಳಿತಿದ್ದ ತಂಗಿಯ ಹಣೆಯ ಬಾಸಿಂಗವನ್ನು ಬಿಚ್ಚಿ, ಅವಳ ಕೈಹಿಡಿದು ಆಚೆ ನಡೆಸಿಕೊಂಡು ಹೋದಳು.